ಬಿಳಿ ಚುಕ್ಕೆ ಎಲ್ಲಿಗೆ ಹೋಯಿತು?

ನಮ್ಮ ಅತ್ತೆಯ ಬಲಗೈ ತೋರುಬೆರಳಿನ ಉಗುರಿನ ಸುತ್ತ ಒಂದು ನೇರಳೆ ಗೆರೆ ಇರುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ, ಹುಣಸೆಹಣ್ಣು ತಿಕ್ಕಿದರೂ ಹೋಗುತ್ತಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಇಡೀ ಸರ್ವೀಸು ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಮಲೇರಿಯಾ ಇದೆಯೋ ಇಲ್ಲವೋ ಎಂದು ನೋಡಿದ ಕೈ ಅದು. ಮೈಕ್ರೋಸ್ಕೋಪಿಗೆ ಬಲಗಣ್ಣಿಟ್ಟು ಎಡಗಣ್ಣನ್ನು ಕಿರಿದು ಮಾಡಿ ಮಾಡಿ ಅಲ್ಲೊಂದು ಸುಕ್ಕು ಬಿದ್ದಿತ್ತು. ಮದುವೆಮನೆಗಳಲ್ಲಿ ಅದನ್ನು ನೋಡಿ, "ನಿಮ್ಮತ್ತೆ ಯಾರಿಗೋ ಕಣ್ಣು ಹೊಡೀತಾ ಇದಾರೆ ನೋಡೇ" ಎಂದು ನಗುವವರಿದ್ದರು. ನನಗೆ ಆಗಲೂ ನಗು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಅವರು ನನ್ನ ತಂದೆಯ ತಂಗಿ. ಮುಳಬಾಗಿಲಿನ ಪೌರೋಹಿತ್ಯದ ಮನೆತನದಲ್ಲಿ ಹುಟ್ಟಿ, ಮದುವೆ ಬೇಡವೆಂದು, ಕೋಲಾರದಲ್ಲಿ ಒಂದು ಪುಟ್ಟ ಮನೆ ಮಾಡಿಕೊಂಡಿದ್ದರು. ನಾನು ಕಾನ್ವೆಂಟಿಗೆ ಸೇರಿದ ಮೇಲೆ ಇದ್ದದ್ದು ಆ ಮನೆಯಲ್ಲೇ. ದನಿ ಎತ್ತಬಾರದು, ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದು ಎಂದು ಶಾಲೆಯಲ್ಲಿ ಸಿಸ್ಟರುಗಳು ಕಲಿಸುತ್ತಿದ್ದರು. ಅತ್ತೆ ಕಲಿಸಿದ್ದು ಬೇರೆ. ನಮ್ಮ ಕಡೆ ಮನೆಮಾತಿನಲ್ಲಿ ಅರ್ಧ ತೆಲುಗು. ಹೊಟ್ಟೆನೋವು ಎಂದರೂ, ಸಾರು ಕೆಟ್ಟಿದೆ ಎಂದರೂ, ಪಕ್ಕದ ಮನೆಯವರು ಸರಿಯಿಲ್ಲ ಎಂದರೂ ಅವರದು ಒಂದೇ ಮಾತು: "ಮುಂದು ಚೂಡು ಪಾಪಾ. ಮೊದಲು ನೋಡು, ಆಮೇಲೆ ಮಾತಾಡು."

ನಿವೃತ್ತಿಯ ಹೊತ್ತಿಗೆ ಅವರ ಆಸ್ಪತ್ರೆಯ ಡಾಕ್ಟರೊಬ್ಬರಿಗೆ ವರ್ಗವಾಯಿತು. ಅವರು ಸಾಕಿದ್ದ ಸಮುದ್ರದ ಮೀನಿನ ಗಾಜಿನ ತೊಟ್ಟಿಯನ್ನು ಸಾಗಿಸಲಾಗದೆ ಅತ್ತೆಗೆ ಬಿಟ್ಟುಹೋದರು. ಅಲ್ಲಿಂದ ಶುರು. ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತರುವುದು, ಸಮುದ್ರದ ಉಪ್ಪಿನ ಪುಡಿ ಅಳೆದು ಹಾಕುವುದು, ಮರದ ಸೌಟಿನಲ್ಲಿ ಕಲಕುವುದು, ಗಾಜಿನ ತೇಲುಕಡ್ಡಿ ಬಿಟ್ಟು ಹದ ನೋಡುವುದು. ಕ್ಯೂನಲ್ಲಿ ನಿಂತವರು ಕೆಣಕುತ್ತಿದ್ದರು: "ಏನಕ್ಕಾ, ನಾವು ಉಪ್ಪುನೀರು ಕುಡಿಯಕ್ಕಾಗ್ದೆ ಇಲ್ಲಿಗೆ ಬಂದ್ರೆ, ನೀವು ಸಿಹಿನೀರು ತಗೊಂಡೋಗಿ ಉಪ್ಪು ಹಾಕ್ತೀರಂತೆ?"

"ನಿಮಗೆ ಕಾಫಿಗೆ ಸಕ್ಕರೆ ಬೇಡ್ವಾ? ಹಂಗೇ ಅವಕ್ಕೆ" ಎಂದು ಅತ್ತೆ ಕ್ಯಾನು ಎತ್ತಿಕೊಂಡು ಬರುತ್ತಿದ್ದರು.

ಮೀನಿನ ವಿಷಯದಲ್ಲಿ ಅವರ ಮಡಿ ನಮ್ಮಜ್ಜಿಯ ಮಡಿಯನ್ನು ಮೀರಿಸಿತ್ತು. ಕಾಯಿಲೆ ಮೀನಿನ ಟಬ್ಬೇ ಬೇರೆ, ಬಲೆಯೇ ಬೇರೆ, ಬಕೆಟ್ಟೇ ಬೇರೆ. ಆ ಬಕೆಟ್ಟಿನ ಹಿಡಿಗೆ ಕೆಂಪು ದಾರ. ಅದನ್ನು ಮುಟ್ಟಿದ ಕೈ ತೊಳೆದು ಒರೆಸದೆ ದೊಡ್ಡ ತೊಟ್ಟಿಯ ಕಡೆ ಸುಳಿಯುವಂತಿರಲಿಲ್ಲ. ಹೊಸ ಮೀನು ಬಂದರೆ ವಾರಗಟ್ಟಲೆ ಹೊರಗೇ. "ಬೀಗಿತ್ತಿ ಆದ್ರೂ ಸರಿ, ಕಾಲು ತೊಳ್ಕೊಂಡೇ ಒಳಗೆ ಬರ್ಬೇಕು" ಎನ್ನುತ್ತಿದ್ದರು.

ನನ್ನ ಅಣ್ಣ ಮಾಲೂರಿನಲ್ಲಿ ಹೊಸ ಮನೆ ಕಟ್ಟಿಸಿದ. ವಾಸ್ತು ಹೇಳುವವರು ಯಾರೋ, ಈಶಾನ್ಯದಲ್ಲಿ ಸಮುದ್ರದ ಮೀನಿನ ತೊಟ್ಟಿ ಇಡಿ, ಅದು ಎಂದೂ ಖಾಲಿ ಇರಬಾರದು ಎಂದರಂತೆ. ಗೋಡೆಯಗಲ ತೊಟ್ಟಿ ಬಂತು. ಗೃಹಪ್ರವೇಶಕ್ಕೆ ಸ್ವಲ್ಪ ದಿನ ಇದೆ ಎನ್ನುವಾಗ ಅಣ್ಣ ಅತ್ತೆಗೆ ಫೋನು ಮಾಡಿದ. "ಅತ್ತೆ, ಮೀನು ಕಲ್ಲಿಗೆ ಮೈ ಉಜ್ಕೊಂಡು ಆಟ ಆಡ್ತಿವೆ. ಮೈಮೇಲೆ ಉಪ್ಪು ಉದುರಿಸಿದಂಗೆ ಬಿಳಿ ಚುಕ್ಕೆ."

"ಅದು ಆಟ ಅಲ್ವೋ, ನವೆ. ಬರ್ತೀನಿ ಇರು."

ಕಾರಿನಲ್ಲಿ ನಾನೇ ಕರೆದುಕೊಂಡು ಹೋದೆ. ತೊಡೆಯ ಮೇಲೆ ಟವೆಲು ಸುತ್ತಿದ ಹಳೇ ಮೈಕ್ರೋಸ್ಕೋಪು. ಅತ್ತೆ ಟೀವಿ ಆರಿಸಿ ಎಂದರು, ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಅತ್ತಿಗೆ ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟ ಕಾಫಿಯ ಮೇಲೆ ಕೆನೆ ಕಟ್ಟಿತು. ಯಾವ ಮೀನು ಕಿವಿರನ್ನು ಬಿರುಸಾಗಿ ಆಡಿಸುತ್ತಿದೆ, ಯಾವುದು ಪಂಪಿನ ನೀರಿಗೆ ಮುಖ ಕೊಟ್ಟು ನಿಂತಿದೆ, ಯಾವುದು ಒಂದೇ ಕಡೆಯ ರೆಕ್ಕೆ ಮಡಚಿದೆ, ಎಲ್ಲವನ್ನೂ ನೋಡಿದರು. ಆಮೇಲೆ ಒಂದು ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಮೈಯ ಲೋಳೆಯನ್ನು ಗಾಜಿನ ಸ್ಲೈಡಿನ ಅಂಚಿನಿಂದ ನವಿರಾಗಿ ಸವರಿಕೊಂಡು, ಮರಳಿ ಬಿಟ್ಟು, ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ನನ್ನನ್ನೂ ಕರೆದು ತೋರಿಸಿದರು. ಸುತ್ತಲೂ ಸಣ್ಣ ರೋಮವಿದ್ದ ಮಬ್ಬು ಉಂಡೆಯೊಂದು ನಿಧಾನವಾಗಿ ತಿರುಗುತ್ತಿತ್ತು.

"ಇದು ಮೀನಿನ ರಕ್ತ-ಮಾಂಸ ತಿಂದು ದಪ್ಪ ಆಗತ್ತೆ, ಆಮೇಲೆ ಮರಳಿಗೆ ಉದುರಿ ನೂರಾರು ಮರಿ ಹಾಕತ್ತೆ. ಆ ಮರಿ ಮತ್ತೆ ಮೀನಿಗೇ ಹತ್ಕೊಳ್ಳತ್ತೆ" ಎಂದರು. "ಎಲ್ಲಾ ಮೀನನ್ನೂ ಬೇರೆ ಟಬ್ಬಿಗೆ ಹಾಕಿ ತಾಮ್ರದ ಔಷಧಿ ಕೊಡ್ಬೇಕು. ಈ ತೊಟ್ಟಿಗೇ ಔಷಧಿ ಸುರಿದ್ರೆ ಕಲ್ಲು ಹೀರ್ಕೊಳ್ಳತ್ತೆ, ಸೀಗಡಿ ಸಾಯತ್ತೆ. ಎರಡು-ಮೂರು ತಿಂಗಳು ತೊಟ್ಟೀಲಿ ಒಂದು ಮೀನೂ ಇರಬಾರದು. ತಿನ್ನೋಕೆ ಸಿಗದೆ ಅವೇ ಸಾಯ್ತವೆ."

ಅತ್ತಿಗೆ ಅಣ್ಣನ ಮುಖ ನೋಡಿದರು. "ಖಾಲಿ ತೊಟ್ಟಿ ಇಟ್ಕೊಂಡು ಗೃಹಪ್ರವೇಶನಾ ಅತ್ತೆ? ಅದೂ ಈಶಾನ್ಯದಲ್ಲಿ? ನಮ್ಮ ಕಡೆಯವರು ಏನಂತಾರೆ?"

"ನೀರಿರತ್ತಲ್ಲಮ್ಮಾ, ಕಲ್ಲಿರತ್ತೆ, ದೀಪ ಇರತ್ತೆ. ಮೀನಿಗೆ ಹುಷಾರಿಲ್ಲ ಅಂತ ಹೇಳು."

"ಹುಷಾರಿಲ್ಲ ಅಂತ ಶುಭಕಾರ್ಯದಲ್ಲಿ ಹೇಳೋದಾ!"

ನಾಲ್ಕೈದು ದಿನ ಬಿಟ್ಟು ಅತ್ತಿಗೆಯೇ ಸಂಭ್ರಮದಿಂದ ಫೋನು ಮಾಡಿದರು. ಯಾರೋ ಹೇಳಿದರೆಂದು ನೀರಿಗೆ ಅರಿಶಿನ ಹಾಕಿದರಂತೆ, ಚುಕ್ಕೆಗಳೆಲ್ಲ ಮಾಯವಾದವಂತೆ. ಅತ್ತೆ ಫೋನು ಹಿಡಿದೇ ಕೇಳಿದರು: "ಹೋಯ್ತು ಅಂದ್ರೆ ಎಲ್ಲಿಗಮ್ಮಾ ಹೋಯ್ತು? ಬಸ್ಸು ಹತ್ಕೊಂಡು ಹೋಯ್ತಾ? ಕೆಳಗೆ ಮರಳಲ್ಲಿದೆ. ಮರಿ ಹಾಕ್ತಿದೆ. ಈಗ್ಲಾದ್ರೂ ಮೀನು ಹೊರಗೆ ತೆಗೀರಿ." ಆ ಕಡೆ ಫೋನು ಅಣ್ಣನ ಕೈಗೆ ಹೋಯಿತು. ಅವನು ನಕ್ಕುಬಿಟ್ಟ. "ನೀವು ಬಿಡಿ ಅತ್ತೆ, ಗುಣ ಆದ್ರೂ ಕಾಯಿಲೆ ಅಂತೀರ."

ಇದೇ ಜನ ಜ್ವರ ಬಂದರೆ ರಕ್ತದ ರಿಪೋರ್ಟನ್ನು ಹೊತ್ತು ಗೊತ್ತಿಲ್ಲದೆ ಅತ್ತೆಯ ಫೋನಿಗೆ ಕಳಿಸುತ್ತಿದ್ದರು. ಪ್ಲೇಟ್ಲೆಟ್ ಎಷ್ಟಿದೆ, ಅಡ್ಮಿಟ್ ಮಾಡಬೇಕಾ ಎಂದು ಅವರ ಬಾಯಿಂದ ಕೇಳಿದ ಮೇಲೇ ಊಟ ಮಾಡುತ್ತಿದ್ದರು. ಮನುಷ್ಯರ ರಕ್ತದ ವಿಷಯದಲ್ಲಿ ಅವರ ಕಣ್ಣು ಸರಿ, ಮೀನಿನ ವಿಷಯದಲ್ಲಿ ಹುಚ್ಚು. ಇದು ಯಾವ ನ್ಯಾಯ? ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಗೃಹಪ್ರವೇಶದ ದಿನ ತೊಟ್ಟಿ ತುಂಬ ಮೀನು. ಇದ್ದವುಗಳ ಜೊತೆಗೆ ಹೊಸದಾಗಿ ಒಂದಷ್ಟು ತಂದು ಸುರಿದಿದ್ದರು. ತೊಟ್ಟಿಗೂ ಸೇವಂತಿಗೆ ಹಾರ, ಗಾಜಿಗೆ ಕುಂಕುಮದ ಬೊಟ್ಟು. ಆದರೆ ಹೋಮ ಮುಗಿದು ಮೊದಲ ಪಂಕ್ತಿ ಏಳುವ ಹೊತ್ತಿಗೆ ಚುಕ್ಕೆಗಳು ಹಿಂದಿನದಕ್ಕಿಂತ ಹೆಚ್ಚಾಗಿ ಮರಳಿದ್ದವು. ದೊಡ್ಡ ಹಳದಿ ಮೀನು ಸತ್ತು ಪಂಪಿನ ಬಾಯಿಗೆ ಅಂಟಿಕೊಂಡಿತ್ತು. ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅತ್ತಿಗೆಯ ಸೋದರಮಾವ ಎಲೆಯಡಿಕೆ ಜಗಿಯುತ್ತ, "ಒಳ್ಳೇದಾಯ್ತು ಬಿಡಿ. ಮನೆಗೆ ಬಿದ್ದ ದೃಷ್ಟಿಯೆಲ್ಲ ಮೀನು ತಗೊಂಡ್ತು. ಎಷ್ಟು ಸತ್ರೆ ಅಷ್ಟು ಶುಭ" ಎಂದರು. ಸುತ್ತ ನಿಂತವರು ಹೌದೌದು ಎಂದು ತಲೆಯಾಡಿಸಿದರು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಎದ್ದು ಬಂದರು. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ದೃಷ್ಟಿ ಅಲ್ಲ ರೀ, ಹುಳ" ಎಂದರು. "ಉಸಿರು ಕಟ್ಟಿ ಸಾಯ್ತಾ ಇರೋದು ಶುಭ ಹೆಂಗಾಗತ್ತೆ? ಪಾಪಾ, ಒಂದು ಬಕೆಟ್ ತಾ."

ಅಡುಗೆಯವರ ಹತ್ತಿರ ಹೊಸ ಬಕೆಟ್ಟು ಇಸಿದುಕೊಂಡು ಬಂದೆ. ಅತ್ತೆ ಹಾರ ಸರಿಸಿ, ತೊಟ್ಟಿಯದೇ ನೀರು ಮೊಗೆದು, ಕೈಗೆ ಸಿಕ್ಕ ಮೂರು ಮೀನನ್ನು ಹಿಡಿದು ಹಾಕಿದರು. ನೀರು ಚೆಲ್ಲಿ ರಂಗೋಲಿಯ ಒಂದು ಅಂಚು ಅಳಿಸಿತು. ಅಷ್ಟಕ್ಕೇ ಅಣ್ಣ ಎಲ್ಲರ ಮುಂದೆ ಕೂಗಿದ: "ನಿಮಗಂತೂ ಸಂಸಾರ ಇಲ್ಲ, ನಮ್ಮ ಸಂಸಾರಕ್ಕಾದ್ರೂ ಅಪಶಕುನ ಮಾಡ್ಬೇಡಿ ಅತ್ತೆ!"

ಯಾರೂ ಅವನನ್ನು ತಡೆಯಲಿಲ್ಲ. ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದವರೂ ನಿಲ್ಲಿಸಲಿಲ್ಲ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು, "ನಡಿ ಪಾಪಾ, ಉಸಿರಿದ್ದಾಗ್ಲೇ ಕೋಲಾರ ಮುಟ್ಟಬೇಕು" ಎಂದಷ್ಟೇ ಹೇಳಿದರು. ಇಬ್ಬರೂ ಊಟ ಮಾಡದೆ ಹೊರಟೆವು. ದಾರಿಯುದ್ದಕ್ಕೂ ಬಕೆಟ್ಟಿನೊಳಗೆ ಕೈಯಾಡಿಸಿ ಗಾಳಿ ಸೇರಿಸುತ್ತಿದ್ದರು. ಆ ಮೂರರಲ್ಲಿ ಎರಡು ಸತ್ತವು. ಹಳದಿ ಬಾಲದ ಪುಟ್ಟ ನೀಲಿ ಮೀನು ತಾಮ್ರದ ನೀರಿನಲ್ಲಿ ತಿಂಗಳಿದ್ದು ಬದುಕಿತು. ಅತ್ತೆ ಸಂತೋಷಪಟ್ಟದ್ದು ಚುಕ್ಕೆ ಹೋದ ದಿನವಲ್ಲ, ಹೋದ ಚುಕ್ಕೆ ಮತ್ತೆ ಬಾರದೆ ವಾರಗಳು ಕಳೆದ ಮೇಲೆ.

ಅಣ್ಣನ ಮನೆಯಲ್ಲಿ ಮತ್ತೆ ಪುಣ್ಯಾಹ ಮಾಡಿಸಿದರಂತೆ. ಅಲ್ಲಿಂದ ಮುಂದೆ ಯಾವ ಹಬ್ಬಕ್ಕೂ ಅತ್ತೆಯನ್ನು ಕರೆಯಲಿಲ್ಲ. ನಾನು ರೇಗಿದರೆ ಅತ್ತೆಯೇ ಸಮಾಧಾನ ಮಾಡುತ್ತಿದ್ದರು. "ಬಿಡೇ, ಅವನು ನನ್ನ ಅಣ್ಣನ ಮಗ. ನೋಡೋಕೆ ಹೆದರ್ತಾನೆ, ಅಷ್ಟೇ."

ಕಳೆದ ಮಾಘದಲ್ಲಿ ಅತ್ತೆ ನಿದ್ದೆಯಲ್ಲೇ ಹೋದರು. ಕರ್ಮ ಮಾಡಬೇಕಾದವನು ಅಣ್ಣನೇ. ಮಾಡಿದ, ಚೆನ್ನಾಗಿಯೇ ಮಾಡಿದ. ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಮುಂಚೆ ಅತ್ತೆಯ ತೊಟ್ಟಿಯ ಮುಂದೆ ನಿಂತು ಹೇಳಿದ: "ಈ ಮೀನುಗಳನ್ನ ದೇವಸ್ಥಾನದ ಕಲ್ಯಾಣಿಗೆ ಬಿಟ್ಬಿಡೋಣ. ಅತ್ತೆ ಹೆಸರಲ್ಲಿ ಜೀವಕ್ಕೆ ಬಿಡುಗಡೆ ಕೊಟ್ಟ ಪುಣ್ಯ ಬರತ್ತೆ." ಹೆಂಗಸರು ಕಣ್ಣೊರೆಸಿಕೊಂಡರು. ಯಾರೋ ಆಗಲೇ ಬಕೆಟ್ಟು ಹುಡುಕಿ ತಂದರು.

ಸಮುದ್ರದ ಮೀನನ್ನು ಸಿಹಿನೀರಿಗೆ ಬಿಟ್ಟರೆ ಮೈಯೊಳಗೆ ನೀರು ನುಗ್ಗಿ ಒದ್ದಾಡಿ ಸಾಯುತ್ತದೆ. ಅತ್ತೆ ಇದನ್ನು ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ಸಲ ಹೇಳಿದ್ದರು. ಒಬ್ಬರಿಗಾದರೂ ನೆನಪಿಗೆ ಬರಬಾರದೆ?

"ಬಿಡೋ ಹಾಗಿಲ್ಲ" ಎಂದೆ. ಯಾರಿಗೂ ಕೇಳಿಸಲಿಲ್ಲ. ಅಣ್ಣ ತೊಟ್ಟಿಯ ಮುಚ್ಚಳಕ್ಕೆ ಕೈ ಹಾಕಿದ. "ಮುಟ್ಬೇಡ!" ಎಂದು ಕಿರುಚಿದೆ. ಅಂಥ ದನಿ ನನ್ನ ಗಂಟಲಿನಿಂದ ಅದುವರೆಗೆ ಬಂದಿರಲಿಲ್ಲ. ಹೊರಗೆ ಎಲೆ ಹಾಕುತ್ತಿದ್ದವರೆಲ್ಲ ಬಾಗಿಲಿಗೆ ಬಂದು ನಿಂತರು.

"ಏನೇ ಇದು? ಅತ್ತೆಗೆ ಸದ್ಗತಿ ಬೇಡ್ವಾ ನಿನಗೆ?"

"ಅವರು ಬದುಕಿಸಿದ್ದನ್ನ ಸಾಯಿಸಿ ಸದ್ಗತಿ ಕೊಡಿಸ್ತೀಯಾ? ಇದ್ದಾಗ ಒಂದು ಮಾತು ಕೇಳ್ಲಿಲ್ಲ, ಈಗ್ಲಾದ್ರೂ ಕೇಳೋ!"

ಪುರೋಹಿತರು ಗಾಜಿನ ಹತ್ತಿರ ಬಂದು ಬಗ್ಗಿ ನೋಡಿದರು. "ಇವು ಉಪ್ಪುನೀರಿನವಾ ಅಮ್ಮಾ?" ಎಂದು ಕೇಳಿದರು. ಹೌದೆಂದೆ. "ಹಾಗಾದ್ರೆ ಬೇಡಪ್ಪಾ, ಅದು ಹತ್ಯೆ ಆಗತ್ತೆ" ಎಂದು ಅಣ್ಣನಿಗೆ ಹೇಳಿ ಕೈ ತೊಳೆಯಲು ಹೋದರು. ಅಣ್ಣ ತಣ್ಣಗಾದ. ಪುರೋಹಿತರ ಒಂದು ಮಾತಿಗೆ ತಣ್ಣಗಾದವನು ಅತ್ತೆಯ ಅಷ್ಟು ವರ್ಷದ ಮಾತಿಗೆ ಬಗ್ಗಲಿಲ್ಲವಲ್ಲ ಎಂಬುದು ನನ್ನನ್ನು ಆ ಕಲ್ಯಾಣಿಯ ಮಾತಿಗಿಂತ ಹೆಚ್ಚು ಉರಿಸಿತು.

ಮೀನುಗಳು ಈಗ ನಮ್ಮ ಮನೆಯಲ್ಲಿವೆ. ನೀಲಿ ಮೀನೂ ಇದೆ. ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟಿ ಕಳಿಸಿದ ಮೇಲೆ ನಾನು ಅವುಗಳ ಮುಂದೆ ಕೂತು ಕಿವಿರು, ರೆಕ್ಕೆ, ಮೈ ನೋಡುತ್ತೇನೆ. ನೋಡುವುದನ್ನು ಕಲಿಸಿದವರ ಋಣ ಹಾಗೆ ಕೂತು ತೀರುವಂಥದ್ದಲ್ಲ. ಅಣ್ಣ ಆ ದಿನದಿಂದ ಮಾತು ಬಿಟ್ಟಿದ್ದಾನೆ. ಅತ್ತೆಯಾಗಿದ್ದರೆ ತಾವೇ ಮೊದಲು ಫೋನು ಮಾಡಿ, ಊಟ ಆಯ್ತೇನೋ ಎಂದು ಕೇಳುತ್ತಿದ್ದರು. ನಾನು ಮಾಡುವುದಿಲ್ಲ.