ವ್ಯವಸ್ಥಾ ಮಾಡ್ತೇನಿ

ತಗಡಿನ ಟ್ರಂಕನ್ನು ಕಲ್ಲಿನ ನೆಲದ ಮೇಲೆ ಎಳೆದುಕೊಂಡು ಹೋದ ಆ ಕರಕರ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ, ಲೂಸಿ. ನೀನೂ ಸವಿತಾಳೂ ಇದ್ದ ಏಳನೇ ನಂಬರಿನ ಕೋಣೆಯಿಂದ ಸ್ಟೋರ್ ರೂಮಿನ ಪಕ್ಕದ ಒಂಟಿ ಕೋಣೆಗೆ. ನಿನ್ನನ್ನು ಅಲ್ಲಿಂದ ಎಬ್ಬಿಸಿದ್ದು ಸವಿತಾಳ ತಾಯಿ ಅಲ್ಲ. ನಾನು. ಅವರೇ ಬೇಡ ಅಂದರು ಎಂದು ನಿನಗೆ ಹೇಳಿದ್ದು ಸುಳ್ಳು.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಬೇಸರಪಡಬೇಡ. ಇದರ ಇನ್ನೊಂದು ಪ್ರತಿ ದಾಂಡೇಲಿಗೆ, ಸವಿತಾಳಿಗೆ ಹೋಗುತ್ತದೆ. ಅವಳಿಗೆ ಇವತ್ತಿಗೂ ಏನೂ ಗೊತ್ತಿಲ್ಲ.

ಧಾರವಾಡದಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆಗಿ ಹಳಿಯಾಳದ ಆ ಕಾಲೇಜಿನ ಹಾಸ್ಟೆಲಿಗೆ ವಾರ್ಡನ್ ಆಗಿ ಬಂದವಳು ನಾನು. ಅಲ್ಲ — ವಾರ್ಡನ್ ಅನ್ನಬಾರದಿತ್ತು, ರೆಸಿಡೆಂಟ್ ಮೆಂಟರ್. ಆ ವರ್ಷ ಹೊಸ ಸ್ಕೀಮು ಬಂದಿತ್ತಲ್ಲ, ಲಿವಿಂಗ್ ಅಂಡ್ ಲರ್ನಿಂಗ್ ಕಮ್ಯೂನಿಟಿ. ಮೊದಲ ವರ್ಷದ ಹುಡುಗಿಯರೆಲ್ಲ, ಮನೆ ಹತ್ತಿರವಿದ್ದರೂ, ಹಾಸ್ಟೆಲಿನಲ್ಲೇ ಇರಬೇಕು. ಬೇರೆ ಬೇರೆ ಮನೆತನದ ಇಬ್ಬಿಬ್ಬರು ಒಂದು ಕೋಣೆಯಲ್ಲಿ. ಓದು, ಊಟ, ಪ್ರಾಜೆಕ್ಟು ಎಲ್ಲ ಜೊತೆಗೇ. ಎಲ್ಲಿಂದಲೋ ಟೈ ಕಟ್ಟಿಕೊಂಡು ಬಂದ ಒಬ್ಬ ಮಹಾನುಭಾವ ಎರಡು ದಿನ ಸ್ಲೈಡು ತೋರಿಸಿದ. ಕೊನೆಗೆ ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿ, ಒಬ್ಬೊಬ್ಬರೂ ಒಂದೊಂದು ಫೀಲಿಂಗ್ ಹೇಳಿ ಅಂದ. ಮೊಣಕಾಲು ನೋಯುತ್ತಿದೆ ಅಂದೆ. ಅದು ಫೀಲಿಂಗ್ ಅಲ್ಲವಂತೆ.

ಆಮೇಲೆ ಬಣ್ಣದ ಕಾಗದದ ಹಾವಳಿ. ಪ್ರತಿ ಬಾಗಿಲಿಗೂ ಒಂದು 'ಅವರ್ ಪ್ರಾಮಿಸ್' ಅಂಟಿಸಬೇಕು. ಎಲ್ಲ ಬಾಗಿಲ ಮೇಲೂ ಯೂನಿಟಿ, ಡೈವರ್ಸಿಟಿ, ಚಿಟ್ಟೆ, ಕಾಮನಬಿಲ್ಲು — ಒಳಗೆ ಬಕೆಟ್ಟಿಗಾಗಿ ಕಾದಾಟ. ನಿಮ್ಮ ಬಾಗಿಲ ಮೇಲೆ ಮಾತ್ರ ಎರಡೇ ಸಾಲು: 'ಫ್ಯಾನು ಮೂರರ ಮೇಲೆ ಇಡಬಾರದು. ಜಗಳ ಭಾನುವಾರ ಮಾತ್ರ.' ಆ ಇಡೀ ಕಟ್ಟಡದಲ್ಲಿ ಸ್ಕೀಮು ನಿಜವಾಗಿ ನಡೆದದ್ದು ನಿಮ್ಮ ಕೋಣೆಯೊಂದರಲ್ಲೇ. ಸವಿತಾ ನಿನಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತಿದ್ದಳು, ನೀನು ಅವಳಿಗೆ ಕೊಂಕಣಿ ಬೈಗುಳ. ನಿನ್ನ ಅವ್ವ ಹೊಲಿದ ಕೌದಿಯೊಳಗೆ ಇಬ್ಬರೂ ಕಾಲು ತೂರಿಸಿಕೊಂಡು ಓದುತ್ತಿದ್ದಿರಿ. ಹಳೆಯ ಸೀರೆಗಳ ತುಂಡು ತುಂಡು ಸೇರಿಸಿ, ನಾಲ್ಕೂ ಮೂಲೆಗೆ ಬಟ್ಟೆಯ ಹೂವಿಟ್ಟ ಕೌದಿ. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನ ಬೋರ್ಡಿಂಗ್ ದಿನಗಳು ನೆನಪಾಗಿ ಸ್ವಲ್ಪ ಹೊಟ್ಟೆಕಿಚ್ಚೂ...

ಒಂದು ಮಧ್ಯಾಹ್ನ ಆಫೀಸಿನ ಫೋನಿಗೆ ಸವಿತಾಳ ತಾಯಿ ಶಾಂತವ್ವ. ಗಂಡ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ. ಮೂಲ ಸವದತ್ತಿ ಕಡೆಯವರು. ಯಂತ್ರದ ಪಕ್ಕದಲ್ಲೇ ನಿಂತು ಮಾತಾಡುವವರ ಹಾಗೆ ದೊಡ್ಡ ದನಿ.

"ಮೇಡಂ, ನಮ್ಮ ಸವಿತಾನ ಜೋಡಿ ಇರೂ ಹುಡುಗಿ ಸಿದ್ದ್ಯಾರಾಕಿ ಅಲ್ರೀ?"

ಹೌದು, ಸಿದ್ದಿ ಜನಾಂಗದವಳು ಅಂದೆ.

"ಹಂಗಾರ ಒಂದ ಮಾತ ಕೇಳೂದಿತ್ರಿ —"

ನಾನು ಕೇಳಿಸಿಕೊಳ್ಳಲಿಲ್ಲ. ಇಂಥವರ ಮಾತು ಯಾವ ಕಡೆ ಹೊರಳುತ್ತದೆಂದು ಗೊತ್ತಿಲ್ಲವೇ — ಮಗಳನ್ನು ಕಾಲೇಜಿಗೆ ಕಳಿಸುತ್ತಾರೆ, ಜಾತಿಯನ್ನೂ ರೊಟ್ಟಿಯ ಜೊತೆ ಡಬ್ಬಿಗೆ ಹಾಕಿ ಕಳಿಸುತ್ತಾರೆ. ಮನಸ್ಸಿನಲ್ಲಿ ಹೀಗಂದುಕೊಂಡೆ. ಬಾಯಿ ಹೇಳಿದ್ದು ಬೇರೆ: "ನೀವೇನ ಚಿಂತಿ ಮಾಡಬ್ಯಾಡ್ರಿ. ನಾ ವ್ಯವಸ್ಥಾ ಮಾಡ್ತೇನಿ." ಫೋನಿಟ್ಟೆ. ಎದುರಿನವರ ಮಾತು ಮುಗಿಯಲಿ, ಲೆಟ್ ದೆಮ್ ಫಿನಿಶ್, ಚೈಲ್ಡ್ — ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಮೊಟ್ಟಮೊದಲು ಕಲಿಸಿದ ಮ್ಯಾನರ್ಸ್ ಅದು. ಊರವರಿಗೆಲ್ಲ ಮ್ಯಾನರ್ಸ್ ಇಲ್ಲವೆಂದು ಮೂಗು ಮುರಿಯುತ್ತಿದ್ದವಳು ನಾನು.

ತಿರಸ್ಕಾರ ಅವರ ಮೇಲೆ, ವ್ಯವಸ್ಥೆ ನಿನ್ನ ಮೇಲೆ. ಜಗಳ ಬೇಡ, ಗಲಾಟೆ ಬೇಡ, ಸ್ಕೀಮಿಗೆ ಕೆಟ್ಟ ಹೆಸರು ಬೇಡ... ಆ ಸಂಜೆಯೇ ನಿನ್ನನ್ನು ಕರೆಸಿದೆ. "ಸವಿತಾನ ಮನೆಯವರಿಗೆ ನೀನು ಅವಳ ಜೋಡಿ ಇರೋದು ಬ್ಯಾಡಂತ. ನಾನು ಮುಚ್ಚಿಡೋಳಲ್ಲ, ನೇರ ಹೇಳ್ತೀನಿ" ಅಂದೆ.

"ಸವಿತಾಗ ಗೊತ್ತೈತೇನ್ರಿ?" ಅಂದೆ ನೀನು.

ನನಗೇ ಗೊತ್ತಿರಲಿಲ್ಲ. ಆದರೂ ತಲೆಯಾಡಿಸಿದೆ. ಹೂಂ ಅಂತ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ — ಎಂಥ ನಾಜೂಕು ನೋಡು. ಕೋಣೆ ಬದಲಿಸುವ ಫಾರಮ್ಮಿನಲ್ಲಿ ಕಾರಣದ ಎದುರು 'ಓನ್ ರಿಕ್ವೆಸ್ಟ್' ಎಂದು ನಾನೇ ಬರೆದು ನಿನ್ನ ಸಹಿ ತೆಗೆದುಕೊಂಡೆ. ಮರುದಿನ ಸವಿತಾ ಬಂದು, ಲೂಸಿ ಯಾಕೆ ಹೋದಳು ಎಂದು ಕೇಳಿದಾಗ ಅದೇ ಫಾರಮ್ ತೋರಿಸಿದೆ. ಅವಳು ನಿನ್ನ ಸಹಿಯನ್ನು ಎರಡು ಸಲ ಓದಿದಳು. ಫಾರಮ್ ಮೇಜಿನ ಮೇಲಿಟ್ಟು ಹೊರಟುಹೋದಳು.

ಹದಿನೈದು ದಿನಕ್ಕೆ ಶಾಂತವ್ವ ಬಂದರು. ಕಂಕುಳಲ್ಲಿ ಒಂದು ಗಂಟು. "ಎರಡೂ ಜಗಳಾಡ್ಯಾವೇನ್ರಿ? ನಮ್ಮಾಕಿ ಬಾಯಿ ಬಿಡವಲ್ಲಳು" ಎನ್ನುತ್ತ ಗಂಟನ್ನು ನನ್ನ ಮೇಜಿನ ಮೇಲೆ ಬಿಚ್ಚಿದರು. ಮಾಸಿದ ಇಳಕಲ್ ಸೀರೆಗಳು.

"ನಮ್ಮವ್ವನ ಸೀರಿ ಇವು. ತೀರಿಕೊಂಡ್ಲು. ಸಿದ್ದ್ಯಾರ ಕೌದಿ ಅಂದ್ರ ಹೆಸರಾದದ್ದಲ್ರೀ, ಲೂಸಿಯವ್ವ ಭಾಳ ಚಂದ ಹೊಲೀತಾಳಂತ ಸವಿತಾ ಒಂದ ಸಮ ಹೇಳೂದು. ನಮಗೂ ಒಂದ ಹೊಲಿದು ಕೊಡ್ತಾಳೇನ ಕೇಳೂಣು ಅಂತ ಆವತ್ತ ಫೋನ್ ಹಚ್ಚಿದ್ದೆ. ನೀವು ಮಾತ ಮುಗಿಯೂದ್ರಾಗ ವ್ಯವಸ್ಥಾ ಮಾಡ್ತೇನಿ ಅಂದ್ರಿ. ಎಷ್ಟ ಶಾಣ್ಯಾ ಮೇಡಂ, ಹೇಳೂಕಿನ ಮೊದಲ ತಿಳಕೋತಾರ ಅಂತ ನಮ್ಮ ಮನ್ಯಾರ ಮುಂದ ಹೇಳಿದ್ನಿ." ನಕ್ಕರು. "ಕರೀರಿ ಲೂಸಿನ್ನ. ಇಬ್ಬರ್ನೂ ಎದರಾ ಬದರಾ ಕುಂದರಸ್ತೇನಿ, ಜಗಳ ಇಲ್ಲೇ ಮುಗೀತದ."

ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ನೀನು ಮಹಡಿಯ ಮೇಲೇ ಇದ್ದೆ.

ಲೂಸಿ ಊರಿಗೆ ಹೋಗಿದ್ದಾಳೆ ಅಂದೆ.

"ಹೌದೇನ್ರಿ? ಗಂಟು ಇಲ್ಲೇ ಇರ್ಲಿ. ಅವಸರೇನಿಲ್ಲ" ಎಂದು ಅವರು ಹೋದರು. ನಿಮ್ಮಿಬ್ಬರ ಪ್ರಾಜೆಕ್ಟು ನಿಂತಿತು. ಊಟದ ಕೋಣೆಯಲ್ಲಿ ನೀನು ಒಂದು ಮೂಲೆ, ಅವಳು ಒಂದು ಮೂಲೆ. ಟೈ ಕಟ್ಟಿದ ಮಹಾನುಭಾವ ಮತ್ತೆ ಬಂದಾಗ ಏಳನೇ ಬಾಗಿಲ ಮೇಲಿನ ಕಾಗದದ ಫೋಟೋ ತೆಗೆದುಕೊಂಡ — ಸೋ ಆಥೆಂಟಿಕ್, ಅಂದ. ನಾನು ಪಕ್ಕದಲ್ಲಿ ನಿಂತು ಮುಗುಳ್ನಕ್ಕೆ. ಅವನನ್ನು ಇಷ್ಟು ದಿನ ಜರಿದೆ. ಅವನು ಪಾಪ ಬರೀ ಪೆದ್ದ. ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲು ನನಗೆ ಸಾಧ್ಯವಿಲ್ಲ.

ಗಂಟು ಇಷ್ಟು ವರ್ಷ ನನ್ನ ಬೀರುವಿನಲ್ಲಿತ್ತು. ನಾಳೆ ಅದನ್ನು ಶಾಂತವ್ವನಿಗೆ ಮುಟ್ಟಿಸುತ್ತೇನೆ, ಸವಿತಾಳಿಗೆಂದು ಬರೆದ ಪ್ರತಿಯ ಜೊತೆ. ಅವರು ಅದನ್ನು ನಿಮ್ಮ ಮನೆಗೆ ತರುತ್ತಾರೋ, ನೀನು ಬಾಗಿಲು ತೆರೆಯುತ್ತೀಯೋ — ಅದರ ವ್ಯವಸ್ಥೆ ನಾನು ಮಾಡುವುದಿಲ್ಲ. ಕ್ಷಮೆಯನ್ನೂ ಕೇಳುವುದಿಲ್ಲ.

ನಿನ್ನನ್ನು ಕೊನೆಯ ಸಲ ನೋಡಿದ್ದು ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ. ಮೊದಲ ಸೆಮಿಸ್ಟರ್ ಮುಗಿಸಿ ನೀನು ಟೀಸಿ ತೆಗೆದುಕೊಂಡು ಮುಂಡಗೋಡದ ಬಸ್ಸು ಹತ್ತಿದ್ದೆ. ಟ್ರಂಕು ಕಾಲ ಕೆಳಗೆ, ಕೌದಿ ತೊಡೆಯ ಮೇಲೆ. ಕಳಿಸಿಕೊಡಲು ಬಂದವಳು ನಾನೊಬ್ಬಳೇ.

"ಎಲ್ಲಾರೂ ಬೆನ್ನ ಹಿಂದ ಮಾಡ್ತಾರ್ರಿ ಮೇಡಂ" ಅಂದೆ ನೀನು. "ನೀವೊಬ್ಬರ ನನ್ನ ಮಾರಿ ಮುಂದ ಖರೇ ಹೇಳಿದ್ರಿ."

ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದೆ. ಬಸ್ಸು ಹೊರಡುವವರೆಗೂ ನೀನು ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.