ಕ್ಯಾಮೆರಾದ ಮುಚ್ಚಳ

ಪಲ್ಲಾವರಂ ಸಂತೆಯ ಹಳೇ ಸಾಮಾನಿನ ರಾಶಿಯಲ್ಲಿ ಇವತ್ತು ಕ್ಯಾಮೆರಾದ ಕರಿ ಮುಚ್ಚಳವೊಂದು ಕೈಗೆ ಸಿಕ್ಕಿತು.

ಪೆರಂಬೂರಿನಲ್ಲಿ ರೈಲ್ವೆ ನೌಕರರಾಗಿದ್ದ ಅಪ್ಪ ಭಾನುವಾರ ನನ್ನನ್ನು ಕರೆದುಕೊಂಡು ಹೋಗಿ ಹಳ್ಳಿಮನೆಗಳ ಕಪ್ಪು-ಬಿಳುಪು ಫೋಟೋ ತೆಗೆಯುತ್ತಿದ್ದರು. ರೀಲಿಗೆ ಹನ್ನೆರಡೇ ಚಿತ್ರ. ಮನುಷ್ಯರಿಗೆ ಅದರಲ್ಲಿ ಜಾಗವಿರಲಿಲ್ಲ.

ಒಮ್ಮೆ, ನಮಗೆ ಮಜ್ಜಿಗೆ ಕೊಟ್ಟ ಅಜ್ಜಿಯೊಬ್ಬಳು ಸೀರೆ ಬದಲಿಸಿ, ತಲೆ ಬಾಚಿಕೊಂಡು ಬಂದು ತನ್ನ ಮನೆಯ ಜಗಲಿಯ ಮೇಲೆ ಕೂತಳು. ಅವಳದೊಂದೂ ಫೋಟೋ ಇರಲಿಲ್ಲವಂತೆ.

ಅಪ್ಪ ಕ್ಯಾಮೆರಾ ಹಿಡಿದರು.

"ಅಪ್ಪಾ, ಮುಚ್ಚಳ ತೆಗೆದಿಲ್ಲ."

"ಸುಮ್ನಿರೇ, ಫಿಲ್ಮ್ ದಂಡ. ನಗು ಅಂತ ಹೇಳು ಅವಳಿಗೆ."

"ಸಿರಿಂಗ ಪಾಟ್ಟಿ," ನಗಿ ಅಜ್ಜಿ ಎಂದು ತಮಿಳಿನಲ್ಲಿ ಹೇಳಿ ನಾನೇ ನಗಿಸಿದೆ. ಕ್ಲಿಕ್ ಎಂದಿತು. ಆಮೇಲೆ ಅವಳನ್ನು ಒಳಗೆ ಕಳಿಸಿ, ರೀಲು ಮುಂದಕ್ಕೆ ತಿರುಗಿಸದೆಯೇ ಮುಚ್ಚಳ ತೆಗೆದು ಮನೆಯ ಫೋಟೋ ತೆಗೆದರು.

ಅದು ಅಡ್ಯಾರಿನ ನನ್ನ ಮನೆಯ ಗೋಡೆಯ ಮೇಲಿದೆ. ಬಂದವರು ಖಾಲಿ ಜಗಲಿಯನ್ನು ಹೊಗಳುತ್ತಾರೆ. ಅದರ ಮೇಲೆ ಎರಡು ಲೋಟಗಳಿವೆ, ನಾವು ಕುಡಿದಿಟ್ಟವು.