ಞಾ ಬ್ಲಾಸಿ ಬೇಕೆಂದೇ ಮಾಡಿದ ತಪ್ಪು

ಪರಾಗ್ವೆಯ ವಿಯಾರಿಕಾ ಊರಲ್ಲಿ ಔಷಧಿ ಅಂಗಡಿಯ ಬ್ಲಾಸಿದಾಳನ್ನು, ಜನರ ಬಾಯಲ್ಲಿ ಗೌರವದ 'ಞಾ' ಸೇರಿ ಞಾ ಬ್ಲಾಸಿಯಾದವಳನ್ನು, ಅರಿಯದವರಿಲ್ಲ. ಅವಳ ಮನೆ ಬಾಗಿಲು ತಟ್ಟುವವರು ಮಾತ್ರ ಯಾರೂ ಇಲ್ಲ. ಹಾಸಿಗೆ ಹಿಡಿದ ತಾಯಿಯ ಚಾಕರಿಯಲ್ಲೇ ಪ್ರಾಯ ಸವೆಯಿತು, ಹೋದ ವರ್ಷ ತಾಯಿಯೂ ಹೋದಳು. ತೆರೆರೆ ಅನ್ನುವ ತಣ್ಣನೆಯ ಸೊಪ್ಪಿನ ಪಾನೀಯ ನಾಲ್ಕು ಜನ ಕೂತು ಒಂದೇ ಲೋಟದಲ್ಲಿ ಕುಡಿಯುವಂಥದ್ದು. ಬ್ಲಾಸಿ ಇಡೀ ಬೇಸಿಗೆ ಸೊಪ್ಪಿಗೆ ತಾನೇ ತಣ್ಣೀರು ಸುರಿದು, ತಾನೇ ಹೀರಿ, ಗೋಡೆ ನೋಡುತ್ತ ಕೂತಳು. ಒಂಟಿತನ ಅಂದರೆ ಅದೇ, ಅದಕ್ಕೆ ಬೇರೆ ಹೆಸರು ಬೇಡ.

ಗ್ರಂಥಾಲಯದಲ್ಲಿ ಪುಕ್ಕಟೆ ಕೋಡಿಂಗ್ ತರಗತಿ ಅಂದಾಗ ನೀರಿನ ಥರ್ಮಾಸು ಹೊತ್ತು ಹೊರಟೇಬಿಟ್ಟಳು.

"ಈ ವಯಸ್ಸಲ್ಲಿ ಕಂಪ್ಯೂಟರ್ರಾ? ಮಾತ್ರೆ ಎಣಿಸೋಕೆ ಬೆರಳು ಸಾಲ್ದಾ?" ಎಂದು ಅಂಗಡಿ ಯಜಮಾನ ಆಡಿಕೊಂಡ.

ತರಗತಿಯಲ್ಲಿ ಉತ್ತರ ಸರಿಯಾದರೆ ಪರದೆಯ ಮೇಲೆ ಹಸಿರು, ಕಥೆ ಮುಗಿಯಿತು. ತಪ್ಪಾದರೆ ಕೆಂಪು, ಆಗ ಎಳೆಯ ಮೇಷ್ಟ್ರು ದೆರ್ಲಿಸ್ ಕುರ್ಚಿ ಎಳೆದುಕೊಂಡು ಪಕ್ಕ ಕೂರುತ್ತಾನೆ. ಬ್ಲಾಸಿ ಲೋಟ ತುಂಬಿ ಕೊಡುತ್ತಾಳೆ. ಅವನು ಹೀರುತ್ತ, ಅಜ್ಜಿಯ ಜಗಳಗಂಟಿ ಬಾತುಕೋಳಿಯ ಕಥೆ ಹೇಳುತ್ತ ತಿದ್ದುತ್ತಾನೆ. ಬ್ಲಾಸಿಗೆ ಕೆಂಪಿನ ರುಚಿ ಹತ್ತಿತು.

ಆ ವಾರದ ಲೆಕ್ಕ ಅಕ್ಷರಗಳ ಎರಡು ಸಾಲನ್ನು ಹೋಲಿಸುವುದು: ಎರಡೂ ಒಂದೇನಾ, ಅಲ್ಲದಿದ್ದರೆ ಮೊದಲು ಎಲ್ಲಿ ಬೇರೆಯಾದವು ಎಂದು ಪ್ರೋಗ್ರಾಂ ಹೇಳಬೇಕು. ಸೋಮವಾರವೇ ಅವಳಿಗೆ ಹಸಿರು ಬಂದಿತ್ತು. ಬುಧವಾರ ಅದರಲ್ಲೇ ಒಂದು ಚಿಹ್ನೆ ಬದಲಿಸಿ ಮತ್ತೆ ಕಳಿಸಿದಳು. ಕೆಂಪು ಬಂತು.

"ಏನ್ ಞಾ ಬ್ಲಾಸಿ, ಮೊನ್ನೆ ಸರಿಯಾಗಿತ್ತಲ್ಲ!" ದೆರ್ಲಿಸ್ ಬಂದು ಕೂತ. "ಮೊನ್ನೇದು, ಇವತ್ತಿಂದು, ಎರಡನ್ನೂ ನಿಮ್ಮ ಮೊನ್ನೆ ಪ್ರೋಗ್ರಾಂಗೇ ಕೊಡೋಣ. ಎಲ್ಲಿ ಎಡವಿದ್ರಿ ಅಂತ ಅದೇ ಹೇಳ್ಲಿ."

"ಬೇಡ ಬಿಡಪ್ಪ, ಏನೋ ಮರೆವು..."

ಅಷ್ಟರಲ್ಲಿ ಅವಳದೇ ಪ್ರೋಗ್ರಾಂ ಅವಳ ಮೇಲೆ ಚಾಡಿ ಹೇಳಿಯಾಗಿತ್ತು. ಬೇರೆ ಇದ್ದದ್ದು ಆ ಒಂದು ಚಿಹ್ನೆ. ಉಳಿದದ್ದೆಲ್ಲ ಚಾಚೂ ತಪ್ಪದೆ ಒಂದೇ.

ದೆರ್ಲಿಸ್ ಪರದೆ ನೋಡಿದ, ಅವಳನ್ನು ನೋಡಿದ. ಬ್ಲಾಸಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಏನು ಮಾಡಲೂ ತೋಚದೆ ಲೋಟ ತುಂಬಿ ಚಾಚಿದಳು. ತೆರೆರೆ ಸಾಕಾದವರು ಲೋಟ ಮರಳಿಸುವಾಗ 'ಗ್ರಾಸಿಯಾಸ್', ಅಂದರೆ ಧನ್ಯವಾದ, ಅನ್ನುತ್ತಾರೆ. ಆಮೇಲೆ ಅವರಿಗೆ ಸುರಿಯುವಂತಿಲ್ಲ. ಈಗ ಅದನ್ನೇ ಅಂದು ಎದ್ದು ಹೋಗುತ್ತಾನೆ, ಇನ್ನು ತನಗೆ ಆ ಗೋಡೆಯೇ ಗತಿ ಎಂದುಕೊಂಡಳು.

ದೆರ್ಲಿಸ್ ಕೊನೆಯ ಹನಿವರೆಗೂ ಹೀರಿ ಲೋಟ ಚಾಚಿದ.

"ನಮ್ಮಜ್ಜಿ ಬಾತುಕೋಳಿ ನಿನ್ನೆ ಪಾದ್ರಿಗಳನ್ನೇ ಅಟ್ಟಿಸ್ಕೊಂಡು ಹೋಯ್ತು, ಗೊತ್ತಾ?" ಅಂದ.

ಗ್ರಾಸಿಯಾಸ್ ಅನ್ನಲಿಲ್ಲ. ಬ್ಲಾಸಿ ಕಣ್ಣೊರೆಸಿಕೊಂಡು ಮತ್ತೆ ನೀರು ಸುರಿದಳು.